ಕ್ರಿಟಾ ಬಂತು, ಬ್ಲೆಂಡರ್ ಬರ್ತಿಲ್ಲ. ಬಿಟ್ಟುಬಿಡಲಾ?

ನೀವು ಬಿವಿಎ (ದೃಶ್ಯಕಲೆಯ ಪದವಿ) ಎರಡನೇ ವರ್ಷ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರಿಟಾದಲ್ಲಿ ಚಿತ್ರ ಸುಧಾರಿಸಿದೆ, 3ಡಿ ಆಕೃತಿ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಮುಖ ಮಾಡಲು ಹೋದರೆ ಆಲೂಗಡ್ಡೆ ಆಗುತ್ತದೆ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ಆದರೆ ಮುಖವನ್ನು ಸದ್ಯಕ್ಕೆ ಬಿಡಿ.

ನಾನೂ ಪೇಂಟಿಂಗ್ ವಿದ್ಯಾರ್ಥಿ, ಕೊನೆಯ ವರ್ಷ. ಎರಡೂ ಒಂದೇ ವೇಗದಲ್ಲಿ ನನಗೂ ಬರಲಿಲ್ಲ. ಕ್ರಿಟಾ ಬೇಗ ಬರುತ್ತದೆ, ಯಾಕಂದ್ರೆ ನೆರಳು-ಬೆಳಕು, ಅಳತೆ ಎಲ್ಲ ಕಾಗದದ ಮೇಲೇ ಕಲಿತಿರುತ್ತೇವೆ. ಕೈ ಟ್ಯಾಬ್ಲೆಟ್ ಮೇಲೆ, ಕಣ್ಣು ಪರದೆ ಮೇಲೆ ಇಡುವುದು ರೂಢಿಯಾದರೆ ಸಾಕು. ಒಂದು ಉಪಾಯ ಹೇಳ್ತೀನಿ: ಎಲ್ಲಕ್ಕಿಂತ ಮೇಲೆ ಕಪ್ಪು ತುಂಬಿದ ಲೇಯರ್ ಇಟ್ಟು ಅದರ ಬ್ಲೆಂಡಿಂಗ್ ಮೋಡ್ (ಕೆಳಗಿನ ಲೇಯರ್‌ಗಳ ಜೊತೆ ಬೆರೆಯುವ ಬಗೆ) 'ಕಲರ್' ಮಾಡಿ. ಚಿತ್ರ ಕಪ್ಪು-ಬಿಳುಪಾಗುತ್ತದೆ. ನೆರಳು ಎಲ್ಲಿ ಸಪ್ಪೆಯಾಗಿದೆ ಅಂತ ಆಗ ಗೊತ್ತಾಗುತ್ತದೆ.

ಬ್ಲೆಂಡರ್‌ನ ಮಾಡೆಲಿಂಗ್, ಅಂದರೆ 3ಡಿ ಆಕೃತಿ ಕಟ್ಟುವುದು, ಹಾಗಲ್ಲ. ವಸ್ತು ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ ಅದನ್ನು ಹೇಗೆ ಮಾಡಿದ್ದಾರೆ ಅಂತ ಯೋಚಿಸಬೇಕು. ಯೂಟ್ಯೂಬ್‌ನಲ್ಲಿ ಎಲ್ಲರೂ ಡೋನಟ್‌ನಿಂದ ಶುರು ಮಾಡುತ್ತಾರೆ. ಅದೂ ಸರಿಯೇ. ನನ್ನ ಕೇಳಿದರೆ ಚನ್ನಪಟ್ಟಣದ ಗೊಂಬೆ ಮಾಡಿ. ಆಲೆ ಮರವನ್ನು ಲೇತ್‌ನಲ್ಲಿ ತಿರುಗಿಸಿ ಕಡೆಯುತ್ತಾರೆ, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಚ್ಚುತ್ತಾರೆ, ಅಲ್ವಾ? ಬ್ಲೆಂಡರ್‌ನ ಸ್ಕ್ರೂ ಮಾಡಿಫೈಯರ್ (ಒಂದು ಗೆರೆಯನ್ನು ಸುತ್ತ ತಿರುಗಿಸಿ ಆಕೃತಿ ಮಾಡುವ ಸಾಧನ) ಮಾಡುವುದೂ ಅದನ್ನೇ. ಗೊಂಬೆಯ ಅರ್ಧ ಅಂಚನ್ನು ಮಾತ್ರ ಬಿಂದುಗಳಿಂದ ಬಿಡಿಸಿ. ಆಬ್ಜೆಕ್ಟಿನ ಒರಿಜಿನ್ (ಮೂಲಬಿಂದು) ಸರಿಯಾಗಿ ನಡುಗೆರೆಯ ಮೇಲಿರಲಿ, ಯಾಕಂದ್ರೆ ಅದರ ಸುತ್ತಲೇ ಅಂಚು ತಿರುಗುವುದು. ಅಲ್ಲಿಗೆ ಮೈ ತಯಾರು. ಒಂದು ಬಿಂದು ಎಳೆದರೆ ಸೊಂಟ ಸಣ್ಣದಾಗುತ್ತದೆ, ಇನ್ನೊಂದು ಎಳೆದರೆ ಟೋಪಿ ಅಗಲವಾಗುತ್ತದೆ. ಅರಗಿನ ಹೊಳಪಿಗೆ ಮೆಟೀರಿಯಲ್‌ನಲ್ಲಿ ರಫ್‌ನೆಸ್ (ಒರಟುತನ) ಇಳಿಸಿ. ಬಣ್ಣದ ಪಟ್ಟಿಗಳು ಹೇಗೂ ಉಂಗುರದಂತೇ ಇರುತ್ತವೆ. ಹಾಗಾಗಿ ಮಾಡಿಫೈಯರ್ ಅಪ್ಲೈ ಮಾಡಿ (ಅದು ಕೊಟ್ಟ ಆಕಾರವನ್ನು ಕಾಯಂ ಮಾಡಿ), ಒಂದೊಂದು ಸುತ್ತನ್ನೇ ಆರಿಸಿ ಬೇರೆ ಬೇರೆ ಮೆಟೀರಿಯಲ್ ಕೊಡಬಹುದು.

ಗೊಂಬೆ ಬಂದಮೇಲೆ ಲೇತ್‌ನಲ್ಲಿ ಆಗದ್ದನ್ನು ಹಿಡಿಯಿರಿ. ಸ್ಟೂಲು, ಮರದ ಪೆಟ್ಟಿಗೆ, ಹೀಗೆ. ಬೆವೆಲ್ (ಅಂಚಿನ ಮೊನಚು ತೆಗೆಯುವ ಇಳಿಜಾರು) ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಬಂದರೆ ಗಾಬರಿ ಬೇಡ. ಆಬ್ಜೆಕ್ಟ್ ಮೋಡ್‌ನಲ್ಲಿ ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ, ಅಂದರೆ ಹಿಗ್ಗಿಸಿ ಕುಗ್ಗಿಸಿದ ಅಳತೆಯನ್ನೇ ಅಸಲಿ ಅಳತೆ ಮಾಡಿ. ಮುಖ ಕಷ್ಟ, ಯಾಕಂದ್ರೆ ಕಣ್ಣು-ಬಾಯಿಯ ಸುತ್ತ ನಾಲ್ಕು ಮೂಲೆಯ ಫೇಸ್‌ಗಳು (ಆಕೃತಿಯ ಮೇಲ್ಮೈಯ ಚಿಕ್ಕ ತುಂಡುಗಳು) ಉಂಗುರದಂತೆ ಸುತ್ತಾಗಿ ಹರಿಯಬೇಕು. ಜೇಡಿಮಣ್ಣಿನ ಕ್ಲಾಸ್ ಮಾಡಿದ್ದರೆ ಆಕೃತಿಯನ್ನು ಮಣ್ಣಿನಂತೆ ತಿದ್ದುವ ಸ್ಕಲ್ಪ್ಟ್ ಮೋಡ್‌ನಲ್ಲಿ ಮುಖ ಮಾಡಿ, ಅದು ನಮ್ಮಂಥವರಿಗೆ ಎಷ್ಟೋ ವಾಸಿ.

ಹಳೇ ವಿಡಿಯೋ ನೋಡುವಾಗ ಜೋಪಾನ. 2019ರಲ್ಲಿ 2.80 ಆವೃತ್ತಿ ಬಂದಾಗ ಬ್ಲೆಂಡರ್‌ನ ಪರದೆಯ ನೋಟವೇ ಬದಲಾಯಿತು. ಅದಕ್ಕಿಂತ ಮುಂಚೆ ಆಬ್ಜೆಕ್ಟ್ ಆರಿಸಲು ಮೌಸ್‌ನ ಬಲ ಬಟನ್ ಒತ್ತಬೇಕಿತ್ತು. ಆ ಪಾಠ ನೋಡಿಕೊಂಡು ಕೂತರೆ ಸುಮ್ನೆ ತಲೆಬಿಸಿ.

ಎರಡನ್ನೂ ಬೇರೆ ಬೇರೆ ಇಡಬೇಕೆಂದೂ ಇಲ್ಲ. ನಾನೀಗ ಬೀದಿ ಬಿಡಿಸುವಾಗ ಮನೆಗಳನ್ನು ಬ್ಲೆಂಡರ್‌ನಲ್ಲಿ ಬರೀ ಡಬ್ಬಗಳಾಗಿ ಜೋಡಿಸಿ, ಒಂದು ಸೂರ್ಯನ ಲೈಟ್ ಇಟ್ಟು, ರೆಂಡರ್ (ಆ ದೃಶ್ಯದ ಚಿತ್ರ) ತೆಗೆದು ಅದರ ಮೇಲೆ ಕ್ರಿಟಾದಲ್ಲಿ ಬಣ್ಣ ಹಾಕುತ್ತೇನೆ. ಇದು ಮೋಸ ಅನ್ನುವವರು ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ. ಪರ್ಸ್ಪೆಕ್ಟಿವ್ ಕೈಯಲ್ಲಿ ಹಾಕಲು ಬರುವವರು ಹೀಗೆ ಮಾಡಿದರೆ ಏನು ಮೋಸವೋ, ನನಗಂತೂ ಅರ್ಥವಾಗಿಲ್ಲ.