ಆರ್ಕೆಸ್ಟ್ರಾ ಗಾಡಿ ಹೊರಡುವ ಮೊದಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಗಣೇಶನ ಹಬ್ಬದಿಂದ ಹಿಡಿದು ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವಗಳವರೆಗೆ ರಸಮಂಜರಿ ತಂಡಗಳಿಗೆ ಪುರುಸೊತ್ತಿಲ್ಲ. ಆಮೇಲೆ ಜಾತ್ರೆಗಳು. ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹಾಡಿನ ಬಗ್ಗೆ ಕೇಳಿದವರು ಕಡಿಮೆ. ಕರೆಂಟು, ಗಾಡಿ, ಗಂಟಲು, ಪೊಲೀಸ್ ಪರ್ಮಿಷನ್ನು, ಇವೇ ಹೆಚ್ಚು.

ಪ್ರಶ್ನೆ: ಪ್ರೋಗ್ರಾಂ ಅರ್ಧ ಆಗಿತ್ತು. ಸ್ಟೇಜಿನ ಎಡಗಡೆ ಹ್ಯಾಲೊಜೆನ್ ಲೈಟುಗಳು ಮಂಕಾದವು, ಬಲಗಡೆಯವು ಕಣ್ಣು ಕುಕ್ಕುವ ಹಾಗೆ ಉರಿದವು. ಅಷ್ಟರಲ್ಲೇ ಕೀಬೋರ್ಡಿನ ಅಡಾಪ್ಟರ್ ಸುಟ್ಟ ವಾಸನೆ, ಮಿಕ್ಸರೂ ಬಂದ್. ಶಾಮಿಯಾನದವರು 'ವೋಲ್ಟೇಜ್ ಜಾಸ್ತಿ ಬಂತು, ನಾವೇನು ಮಾಡೋಣ' ಅಂತಾರೆ. ಸ್ಟೆಬಿಲೈಸರ್ ತಗೊಂಡರೆ ಸಾಕಾ?
(ಕೀಬೋರ್ಡ್ ವಾದಕ, ಅರಸೀಕೆರೆ)

ಉತ್ತರ: ನಿಮ್ಮಲ್ಲಿ ಕಿತ್ತುಹೋದದ್ದು ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ತಂತಿ. ಒಂದು ಕಡೆ ಮಂಕು, ಇನ್ನೊಂದು ಕಡೆ ಜೋರು ಎಂದ ಮೇಲೆ ಬೇರೆ ಪುರಾವೆ ಬೇಡ. ತ್ರೀ ಫೇಸ್ ಲೈನಿನಲ್ಲಿ (ಕರೆಂಟು ತರುವ ಮೂರು ತಂತಿಗಳೇ ಮೂರು ಫೇಸುಗಳು) ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400. ನ್ಯೂಟ್ರಲ್ ಬಿಟ್ಟುಕೊಂಡರೆ ಬೇರೆ ಬೇರೆ ಫೇಸಿನ ಸಾಮಾನುಗಳೆಲ್ಲ ಸಾಲಾಗಿ ಆ 400ರ ನಡುವೆ ಸಿಕ್ಕಿಕೊಳ್ಳುತ್ತವೆ. ಹೆಚ್ಚು ಲೋಡು ಇರುವ ಫೇಸಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕಡಿಮೆ ಲೋಡು ಇರುವ ಫೇಸಿನಲ್ಲಿ 300 ದಾಟುತ್ತದೆ. ಕೀಬೋರ್ಡು, ಮಿಕ್ಸರು ಎಳೆಯುವ ಕರೆಂಟು ತೀರಾ ಕಡಿಮೆ. ಹಾಗಾಗಿ ಮೊದಲು ಸಾಯುವುದು ಅವೇ. ಸಾಮಾನ್ಯ ಸ್ಟೆಬಿಲೈಸರ್ 300 ವೋಲ್ಟ್ ತಡೆಯುವುದಿಲ್ಲ, ಕೆಲವು ಸಲ ಅದೇ ಮೊದಲು ಸುಡುತ್ತದೆ. ವೋಲ್ಟೇಜ್ 270 ದಾಟಿದರೂ 180ಕ್ಕೆ ಇಳಿದರೂ ಲೈನು ಕತ್ತರಿಸುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಸಿಗುತ್ತದೆ. ನಿಮ್ಮ ಪವರ್ ಬಾಕ್ಸಿಗೆ ಅದನ್ನು ಹಾಕಿಸಿ.

ಅದಕ್ಕೂ ಮೊದಲು, ಒಂದು ಪ್ಲಗ್ಗನ್ನೂ ಚುಚ್ಚುವ ಮುಂಚೆ, ಮಲ್ಟಿಮೀಟರಿನಲ್ಲಿ ಮೂರು ಅಳತೆ ನೋಡಿ. ಫೇಸ್-ನ್ಯೂಟ್ರಲ್ 220ರಿಂದ 240 ಇರಬೇಕು. ಫೇಸ್-ಅರ್ತ್ ಹೆಚ್ಚುಕಮ್ಮಿ ಅಷ್ಟೇ ಬರಬೇಕು, ಬರದಿದ್ದರೆ ಅರ್ತಿಂಗೇ ಇಲ್ಲ. ನ್ಯೂಟ್ರಲ್-ಅರ್ತ್ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಆಮೇಲೆ ಸ್ಟೇಜಿನ ಲೈಟುಗಳನ್ನೆಲ್ಲ ಒಟ್ಟಿಗೆ ಹಾಕಿಸಿ ಮತ್ತೊಮ್ಮೆ ಅಳೆಯಿರಿ. ಬಹಳ ಜನ ಬಿಡುವುದು ಇದನ್ನೇ. ಲೋಡು ಬಿದ್ದಾಗ ನ್ಯೂಟ್ರಲ್-ಅರ್ತ್ 10 ವೋಲ್ಟ್ ದಾಟಿದರೆ ಎಲ್ಲೋ ನ್ಯೂಟ್ರಲ್ ಜಾಯಿಂಟು ಸಡಿಲವಿದೆ ಅಥವಾ ವೈರು ತೆಳುವಾಗಿದೆ. ಬರೀ ತಿರುಚಿ ಟೇಪು ಸುತ್ತಿದ ಜಾಯಿಂಟು ಬಿಸಿಯಾಗಿ ಒಂಬತ್ತು ಗಂಟೆಯ ಹೊತ್ತಿಗೆ ಬಿಟ್ಟುಕೊಳ್ಳುತ್ತದೆ. ಕನೆಕ್ಟರ್ ಹಾಕಿಸಿ. ಅಳೆಯಲು ಬರದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ, ನೀವು ಪಕ್ಕದಲ್ಲಿ ನಿಂತು ಅಂಕಿ ನೋಡಿ.

ಸೌಂಡಿನ ಸಾಮಾನೆಲ್ಲ ಒಂದೇ ಫೇಸಿನಲ್ಲಿರಲಿ. ಮೈಕು, ಗಿಟಾರು, ಕೀಬೋರ್ಡು, ಆಂಪ್ಲಿಫೈಯರು ಎಲ್ಲವೂ. ಲೈಟುಗಳು ಉಳಿದೆರಡು ಫೇಸಿಗೆ. ಗಿಟಾರ್ ಒಂದು ಫೇಸು, ಮೈಕು ಇನ್ನೊಂದು ಫೇಸು ಆಗಿ ಎರಡರಲ್ಲೂ ಲೀಕೇಜ್ ಇದ್ದರೆ ಹಾಡುತ್ತಾ ಬಾರಿಸುವವನ ತುಟಿಗೂ ಕೈಗೂ ನಡುವೆ 400 ವೋಲ್ಟ್ ನಿಂತಿರುತ್ತದೆ. ಗುಂಯ್ ಶಬ್ದ ಹೋಗಲಿ ಎಂದು ಅರ್ತ್ ಪಿನ್ ಮುರಿಯುವ ಅಭ್ಯಾಸ ನಮ್ಮ ಕಡೆ ಬಹಳ. ಅದನ್ನು ಮಾಡಲೇಬೇಡಿ. ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದೇ ಆ ಗುಂಯ್ ಶಬ್ದ ನಿಲ್ಲಿಸಲು.

ಜನರೇಟರ್ ಆದರೆ ಲೆಕ್ಕ ಹೀಗೆ: 25 ಕೆವಿಎ ಅಂದರೆ 0.8ರ ಪವರ್ ಫ್ಯಾಕ್ಟರಿನಲ್ಲಿ 20 ಕಿಲೋವ್ಯಾಟ್. ಅದರಲ್ಲಿ 14ರ ಮೇಲೆ ಹಾಕಬೇಡಿ. ಲೈನಿನಿಂದ ಜನರೇಟರಿಗೆ ಬದಲಾಯಿಸುವಾಗ ಮೊದಲು ಆಂಪ್ಲಿಫೈಯರ್ ಆಫ್ ಮಾಡಿ. ಕೀಬೋರ್ಡಿಗೂ ಮಿಕ್ಸರಿಗೂ ಕಂಪ್ಯೂಟರಿನ 600 ವಿಎ ಯುಪಿಎಸ್ ಒಂದು ಇದ್ದರೆ ಆ ಒಂದೆರಡು ನಿಮಿಷ ಟೋನು, ಸೆಟ್ಟಿಂಗು ಹಾರಿಹೋಗುವುದಿಲ್ಲ.

ಪ್ರಶ್ನೆ: ನಮ್ಮದು ಒಂಬತ್ತು ಜನರ ತಂಡ, ಒಂದೇ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಜನವೂ ಸಾಮಾನೂ. ಪ್ರತಿ ಸೀಸನ್ನಿಗೆ ಏನಾದರೊಂದು ಮುರಿಯುತ್ತದೆ. ತುಂಬುವ ಕ್ರಮ ತಿಳಿಸಿ.
(ತಂಡದ ಮ್ಯಾನೇಜರ್, ಶಿರಾ)

ಉತ್ತರ: ಹೆಚ್ಚಿನದು ಮುರಿಯುವುದು ರಸ್ತೆಯ ಗುಂಡಿಯಲ್ಲಲ್ಲ, ಪ್ರೋಗ್ರಾಂ ಮುಗಿದ ಮೇಲೆ ನಡುರಾತ್ರಿ ನಿದ್ದೆಗಣ್ಣಲ್ಲಿ ತುಂಬುವಾಗ. ಆದ್ದರಿಂದ ಪ್ರತಿ ಪೆಟ್ಟಿಗೆಗೂ ನಂಬರು, ಪ್ರತಿ ನಂಬರಿಗೂ ಗಾಡಿಯಲ್ಲಿ ಒಂದೇ ಜಾಗ, ತುಂಬಲು ಇಬ್ಬರೇ. ಉಳಿದವರು ತಂದುಕೊಡಲಿ, ಸಾಕು.

ಆಂಪ್ಲಿಫೈಯರ್, ಮಾನಿಟರ್ (ಹಾಡುವವರ ಕಡೆ ತಿರುಗಿಸಿಟ್ಟ ಸ್ಪೀಕರ್) ನಂಥ ತೂಕದ್ದು ಹಿಂದಿನ ಚಕ್ರಕ್ಕಿಂತ ಮುಂದೆ, ನೆಲಕ್ಕೆ ತಾಗಿ, ಹಗ್ಗ ಬಿಗಿದು ಇರಲಿ. ಸಡನ್ ಬ್ರೇಕು ಹಾಕಿದರೆ 30 ಕಿಲೋದ ಮಾನಿಟರ್ ನೇರ ಸೀಟಿನ ಮೇಲೆ ಬರುತ್ತದೆ. ಕೀಬೋರ್ಡನ್ನು ಮಲಗಿಸಿ, ಇಲ್ಲವೇ ಹಿಂಬದಿಯ ಉದ್ದ ಅಂಚಿನ ಮೇಲೆ ನಿಲ್ಲಿಸಿ. ತುದಿಯ ಮೇಲೆ ನಿಲ್ಲಿಸಿದರೆ ಇಡೀ ಭಾರ ಒಂದು ಮೂಲೆಗೆ ಬಿದ್ದು ಒಳಗಿನ ಬೋರ್ಡು ಬಿರುಕು ಬಿಡುತ್ತದೆ. ಅದರ ಮೇಲೆ ಸ್ಟ್ಯಾಂಡಿನ ಚೀಲ ಹಾಕುವುದು ಇನ್ನೊಂದು ಪಾಪ. ಪವರ್ ಬಾಕ್ಸು, ಕೇಬಲ್, ಸ್ಟ್ಯಾಂಡು ಕೊನೆಗೆ ಒಳಗೆ ಹೋಗಲಿ, ಇಳಿಸುವಾಗ ಮೊದಲು ಬೇಕಾಗುವುದು ಅವೇ.

ಕೇಬಲನ್ನು ಮೊಣಕೈಗೆ ಸುತ್ತಬೇಡಿ. ಸುತ್ತು ಸುತ್ತಿಗೂ ತಿರುಚು ಸೇರಿ, ಕನೆಕ್ಟರಿನ ಬುಡದಲ್ಲಿ ಒಳಗಿನ ತಂತಿ ತುಂಡಾಗುತ್ತದೆ. ಕೈಯಲ್ಲೇ ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಒಳಗಿನಿಂದ ಮಾಡಿ. ಹತ್ತು ಮೈಕ್ ಕೇಬಲಿಗೆ ಎರಡು ಸ್ಪೇರ್.

ಅಡಾಪ್ಟರುಗಳನ್ನೆಲ್ಲ ಒಂದೇ ಚೀಲಕ್ಕೆ ತುರುಕುವುದೂ ಅಪಾಯ. ಬಾಸ್ ಕಂಪನಿಯ ಪೆಡಲ್‌ಗಳು 9 ವೋಲ್ಟ್, ನಡುವಿನ ಪಿನ್ ಮೈನಸ್. ಯಮಹಾದ ಅನೇಕ ಕೀಬೋರ್ಡುಗಳು 12 ವೋಲ್ಟ್, ನಡುವೆ ಪ್ಲಸ್. ತೂತಿಗೆ ಹೊಕ್ಕಿತು ಎಂದ ಮಾತ್ರಕ್ಕೆ ಸರಿಯಾದದ್ದಲ್ಲ. ಪ್ರತಿಯೊಂದಕ್ಕೂ ಸಾಮಾನಿನ ಹೆಸರು ಬರೆದು ಟೇಪು ಅಂಟಿಸಿ. ಕೀಬೋರ್ಡಿನ ಸ್ಟೈಲು (ಹಿಮ್ಮೇಳದ ರಿದಂ), ರಿಜಿಸ್ಟ್ರೇಷನ್ನುಗಳನ್ನು (ಉಳಿಸಿಟ್ಟ ಸೆಟ್ಟಿಂಗು) ಎರಡು ಪೆನ್‌ಡ್ರೈವಿಗೆ ಹಾಕಿ ಇಬ್ಬರ ಚೀಲದಲ್ಲಿ ಇಡಿ.

ಪ್ರಶ್ನೆ: ದಾವಣಗೆರೆಯಲ್ಲಿ ಶ್ರುತಿ ಮಾಡಿದ ತಬಲಾ ಕೊಪ್ಪಕ್ಕೆ ಹೋಗುವಷ್ಟರಲ್ಲಿ ಇಳಿದುಹೋಗುತ್ತದೆ. ಹ್ಯಾಲೊಜೆನ್ ಮುಂದೆ ಹಿಡಿದು ಕಾಯಿಸಬಹುದೇ?
(ತಬಲಾ ವಾದಕ, ದಾವಣಗೆರೆ)

ಉತ್ತರ: ಬೇಡ. ಚರ್ಮ ಒಂದು ಕಡೆ ಬೇಗ ಒಣಗಿ ಬಿಗಿಯುತ್ತದೆ, ನಡುವಿನ ಕರಣೆ (ಕಪ್ಪು ಲೇಪ) ಬಿರುಕು ಬಿಟ್ಟು ಚೂರು ಚೂರಾಗಿ ಏಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಚರ್ಮ ನೀರು ಹೀರಿ ಸಡಿಲವಾಗುವುದು ಸಹಜ. ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳನ್ನು ಹಾಕಿ ಒಯ್ಯಿರಿ. ಹರಳಿನ ಬಣ್ಣ ಬದಲಾದರೆ ಒಣಗಿಸಿ ಮತ್ತೆ ಬಳಸಬಹುದು. ಕೈ ಬೆವರಿನ ಒದ್ದೆ ಇದ್ದಾಗಲೇ ಮುಚ್ಚಿಟ್ಟರೆ ಬೂಷ್ಟು ಗ್ಯಾರಂಟಿ. ಸ್ಟೇಜಿನ ಹತ್ತಿರ ಒಂದು ಗಂಟೆ ಮುಂಚೆ ತೆರೆದಿಟ್ಟು, ಅಲ್ಲಿನ ಹವೆಗೆ ಹೊಂದಿಕೊಂಡ ಮೇಲೆ ಶ್ರುತಿ ಮಾಡಿ. ಅರ್ಧ ಸ್ವರ ಮೇಲಿನ ಇನ್ನೊಂದು ದಾಯಾ (ಬಲಗೈ ತಬಲಾ) ಜೊತೆಗಿರಲಿ, ಇಳಿದಾಗ ಅದೇ ಕೈಹಿಡಿಯುತ್ತದೆ. ವಾಪಸ್ ಬಯಲುಸೀಮೆಗೆ ಹೊರಡುವಾಗ ಗಟ್ಟಾಗಳನ್ನು (ಪಕ್ಕದ ಮರದ ತುಂಡುಗಳು) ಸಡಿಲಿಸುವುದನ್ನು ಮರೆಯಬೇಡಿ. ಅಲ್ಲಿ ಬಿಗಿ ಮಾಡಿದ ಚರ್ಮ ಇಲ್ಲಿನ ಒಣ ಹವೆಯಲ್ಲಿ ಅಂಚಿನಲ್ಲೇ ಹರಿಯುತ್ತದೆ.

ಪ್ರಶ್ನೆ: ಸತತ ನಾಲ್ಕು ರಾತ್ರಿ ಹಾಡಬೇಕು, ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ. ಮಾತ್ರೆ ತಗೊಂಡು ಹಾಡಬಹುದಾ?
(ಗಾಯಕಿ, ಗದಗ)

ಉತ್ತರ: ಧ್ವನಿ ಹೋಗುವುದು ಹಾಡಿನಿಂದ ಅಷ್ಟಲ್ಲ, ಗಾಡಿಯಲ್ಲಿ ಇಂಜಿನ್ ಸದ್ದಿನ ಮೇಲೆ ಕೂಗಿ ಹರಟುವುದರಿಂದ. ಪ್ರಯಾಣದಲ್ಲಿ ಮೌನವಾಗಿರಿ. ಪಿಸುಮಾತೂ ಬೇಡ, ಅದೂ ಗಂಟಲಿಗೆ ಭಾರವೇ. ಸ್ಟೇಜಿನಲ್ಲಿ ನಿಮ್ಮ ಧ್ವನಿ ನಿಮಗೆ ಕೇಳದಿದ್ದರೆ ಜೋರಾಗಿ ಹಾಡಬೇಡಿ, ಮಾನಿಟರಿನಲ್ಲಿ ಕೀಬೋರ್ಡಿನ ಸದ್ದು ಕಡಿಮೆ ಮಾಡಿಸಿ. ಮೂರನೇ ದಿನ ಎತ್ತರದ ಹಾಡುಗಳನ್ನು ಅರ್ಧ ಅಥವಾ ಒಂದು ಸ್ವರ ಇಳಿಸಿಕೊಳ್ಳಿ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರಾಯಿತು, ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ರಾತ್ರಿ ಒಂದು ಗಂಟೆಗೆ ಖಾರದ ಬಿರಿಯಾನಿ ತಿಂದು ಸೀಟಿನಲ್ಲೇ ಒರಗಿದರೆ ಹೊಟ್ಟೆಯ ಆಮ್ಲ ಗಂಟಲಿಗೆ ಬಂದು ಬೆಳಿಗ್ಗೆ ಧ್ವನಿ ಒಡೆಯುತ್ತದೆ. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಗಂಟಲು ಊದಿಕೊಂಡಾಗ ಆಸ್ಪಿರಿನ್ ನುಂಗಿ ಹಾಡುವುದು ಅಪಾಯ, ಧ್ವನಿತಂತುವಿನಲ್ಲಿ ರಕ್ತ ಒಸರುವ ಸಾಧ್ಯತೆ ಹೆಚ್ಚುತ್ತದೆ. ಒಡಕು ಮೂರು ವಾರ ದಾಟಿದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹತ್ತು ಗಂಟೆಗೆ ಪೊಲೀಸರು ಮೈಕ್ ನಿಲ್ಲಿಸಿದರು, ಸಂಘಟಕರು ಬಾಕಿ ದುಡ್ಡಲ್ಲಿ ಕಡಿತ ಮಾಡಿದರು. ನ್ಯಾಯವೇ?
(ತಂಡದ ಮಾಲೀಕ, ಚನ್ನಪಟ್ಟಣ)

ಉತ್ತರ: ಪೊಲೀಸರು ಸರಿ, ಸಂಘಟಕರು ತಪ್ಪು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಸರ್ಕಾರ ಘೋಷಿಸಿದ ಕಡೆ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ. ಅನುಮತಿ ತರುವುದು ಸಂಘಟಕರ ಹೊಣೆ ಎಂದು ಕರಾರಿನಲ್ಲೇ ಬರೆಸಿ, ಅನುಮತಿ ಪತ್ರದ ಫೋಟೊ ವಾಟ್ಸ್‌ಆ್ಯಪಿನಲ್ಲಿ ತರಿಸಿಕೊಂಡೇ ಗಾಡಿ ಹತ್ತಿ. ಶಾಸಕರ ಭಾಷಣದಿಂದ ತಡವಾದರೆ ನಿಮ್ಮ ಹಾಡು ಕಡಿಮೆಯಾಗುತ್ತದೆಯೇ ಹೊರತು ದುಡ್ಡಲ್ಲ, ಇದನ್ನೂ ಬರೆಸಿ. ಬಾಕಿ ಹಣ ಕೊನೆಯ ಮೂರು ಹಾಡಿಗೆ ಮುಂಚೆ ಕೈಗೆ ಬರಲಿ. ಪೆಂಡಾಲ್ ಖಾಲಿಯಾದ ಮೇಲೆ ಖಜಾಂಚಿ ಸಿಗುವುದಿಲ್ಲ.

ಪ್ರಶ್ನೆ: ಅಮೆರಿಕದ ಕನ್ನಡ ಸಂಘದಿಂದ ಕರೆ ಬಂದಿದೆ. ವಾದ್ಯ ಒಯ್ಯುವಾಗ ಏನು ನೋಡಬೇಕು?
(ರಿದಂ ಪ್ಯಾಡ್ ವಾದಕ, ಮೈಸೂರು)

ಉತ್ತರ: ಹೊರಡುವ ದಿನ ಇಲ್ಲಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ವಾದ್ಯದ ಸೀರಿಯಲ್ ನಂಬರು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಇಲ್ಲದಿದ್ದರೆ ವಾಪಸ್ ಬರುವಾಗ ಹೊಸದಾಗಿ ಕೊಂಡು ತಂದಿದ್ದಲ್ಲ ಎಂದು ಸಾಬೀತು ಮಾಡುವ ಕಷ್ಟ ನಿಮ್ಮದು. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗೆ. ಒಂದು ಪೆಟ್ಟಿಗೆ 32 ಕಿಲೋ ಮೀರದಿರಲಿ. ಅಲ್ಲಿ ಕರೆಂಟು 120 ವೋಲ್ಟ್, 60 ಹರ್ಟ್ಜ್. ಅಡಾಪ್ಟರಿನ ಮೇಲೆ 100-240 ಎಂದಿದ್ದರೆ ಪಿನ್ ಬದಲಿಸಿದರೆ ಸಾಕು, 230 ಅಂತಷ್ಟೇ ಇದ್ದರೆ ಅಲ್ಲಿಯದ್ದೇ ಅಡಾಪ್ಟರ್ ಬೇಕು.

ಪ್ರಶ್ನೆ: ಪ್ರೋಗ್ರಾಂ ಮುಗಿಯುವುದು 12ಕ್ಕೆ, ಮರುದಿನದ ಊರು 250 ಕಿಲೋಮೀಟರ್. ರಾತ್ರಿಯೇ ಹೊರಡಬೇಕಾ?
(ಓದುಗರು, ತಿಪಟೂರು)

ಉತ್ತರ: ಸಾಮಾನು ತುಂಬಿ ಹೊರಡುವಾಗ ಒಂದೂವರೆ ಆಗಿರುತ್ತದೆ. ಎರಡರಿಂದ ಐದರ ನಡುವೆ ಎಂಥ ಡ್ರೈವರಿಗೂ ಕಣ್ಣು ಎಳೆಯುತ್ತದೆ, ಚಹಾ ಕುಡಿಸಿದರೆ ಅರ್ಧ ಗಂಟೆ ಮುಂದೂಡಬಹುದು, ಅಷ್ಟೇ. ಅಲ್ಲೇ ಮಲಗಿ ಆರಕ್ಕೆ ಹೊರಟರೂ ಮಧ್ಯಾಹ್ನದೊಳಗೆ ತಲುಪುತ್ತೀರಿ. ಹೊರಡಲೇಬೇಕೆಂದರೆ ಡ್ರೈವರಿಂದ ಸ್ಪೀಕರ್ ಹೊರಿಸಬೇಡಿ. ಸಂಜೆ ಏಳಕ್ಕೇ ಊಟ ಹಾಕಿಸಿ, ಸ್ಟೇಜಿನ ಸದ್ದು ತಲುಪದ ಕಡೆ ಐದು ಗಂಟೆ ಮಲಗಲು ಜಾಗ ಮಾಡಿಕೊಡಿ. ಘಾಟಿ ದಾರಿಯಾದರೆ ಕ್ಯಾರಿಯರ್ ಮೇಲೆ ತೂಕ ಹೇರಬೇಡಿ, ತಿರುವಿನಲ್ಲಿ ಗಾಡಿ ವಾಲುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಮುಚ್ಚುವುದುಂಟು, ಜಿಲ್ಲಾಡಳಿತದ ಆದೇಶ ಅವತ್ತೇ ನೋಡಿಕೊಳ್ಳಿ. ಮುಂದಿನ ಸೀಟಿನಲ್ಲಿ ಕೂರುವವನು ನಿದ್ದೆ ಮಾಡುವಂತಿಲ್ಲ. ಆ ಪಾಳಿ ಎರಡು ಗಂಟೆಗೊಮ್ಮೆ ಬದಲಾಗಲಿ.