ಓದುಗರ ಪ್ರಶ್ನೆ: ಮ್ಯೂಸಿಯಂಗೆ ಇಪ್ಪತ್ತು ವರ್ಷದ ಲೆಕ್ಕ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಮ್ಯೂಸಿಯಂಗೆ ಹೊಸ ಕಟ್ಟಡ ಕಟ್ಟಿಸಿಕೊಡಲು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದಿದ್ದಾರೆ. ಇಪ್ಪತ್ತು ವರ್ಷಕ್ಕೆ ಸಾಲುವಂತಿರಬೇಕು ಎನ್ನುತ್ತಾರೆ. ಎಲ್ಲಿಂದ ಶುರು ಮಾಡಬೇಕು?
— ಉಪನ್ಯಾಸಕರು, ಶಿವಮೊಗ್ಗ

ಎಂಜಿನಿಯರನ್ನು ಕರೆಸುವ ಮೊದಲು ಟೇಪು ಹಿಡಿದು ಸ್ಟೋರ್ ರೂಮಿಗೆ ಹೋಗಿ. ಎಷ್ಟು ಮಾದರಿಗಳಿವೆ ಎನ್ನುವುದಕ್ಕಿಂತ ಅವು ಎಷ್ಟು ಮೀಟರ್ ಶೆಲ್ಫ್ ಹಿಡಿದಿವೆ ಎಂಬುದು ಮುಖ್ಯ. ಒಂದೇ ಪೆಟ್ಟಿಗೆಯಲ್ಲಿ ನೂರಾರು ಜೀರುಂಡೆ ಹಿಡಿಸುತ್ತವೆ. ಕೊಂಬಿರುವ ಒಂದು ಕಾಟಿಯ ಬುರುಡೆಗೆ ಇಡೀ ಹಲಗೆಯೇ ಬೇಕು. ಈಗ 240 ಮೀಟರ್ ತುಂಬಿದೆ, ಅದರಲ್ಲಿ 60 ಮೀಟರ್ ಕಳೆದ ಹತ್ತು ವರ್ಷದಲ್ಲಿ ಸೇರಿದ್ದು ಎಂದಿಟ್ಟುಕೊಳ್ಳಿ. ಇದೇ ವೇಗದಲ್ಲಿ ಇಪ್ಪತ್ತು ವರ್ಷಕ್ಕೆ ಇನ್ನೂ 120; ಒಟ್ಟು 360. ಶೆಲ್ಫು ಶೇ. 85 ಮೀರಿ ತುಂಬಿದರೆ ಒಂದನ್ನು ತೆಗೆಯಲು ಹೋಗಿ ಪಕ್ಕದ್ದನ್ನು ಬೀಳಿಸುತ್ತೀರಿ, ಆದ್ದರಿಂದ ಸುಮಾರು 425 ಮೀಟರ್ ಇರಲಿ. ಹತ್ತು ವರ್ಷದ ಲೆಕ್ಕವನ್ನು ದಾಖಲಾತಿ ರಿಜಿಸ್ಟರಿನಿಂದಲೇ ತೆಗೆಯಿರಿ. ಯಾರೋ ಒಬ್ಬರು ಒಮ್ಮೆಲೇ ಕೊಟ್ಟ ದೊಡ್ಡ ಸಂಗ್ರಹವನ್ನು ಸರಾಸರಿಗೆ ಸೇರಿಸಬೇಡಿ, ಲೆಕ್ಕ ಕೆಡುತ್ತದೆ.

ಭಾರವನ್ನೂ ಎಂಜಿನಿಯರಿಗೆ ಬರೆದುಕೊಡಿ. ಮನೆಯ ಮಹಡಿಯನ್ನು ಚದರ ಮೀಟರಿಗೆ 200 ಕೆಜಿಯ ಲೆಕ್ಕದಲ್ಲಿ ಕಟ್ಟುತ್ತಾರೆ. ಹಳಿಯ ಮೇಲೆ ಸರಿಯುವ ಕಾಂಪ್ಯಾಕ್ಟರ್ ಕಪಾಟು ತುಂಬಿದಾಗ ಸಾವಿರ ಕೆಜಿ ದಾಟಬಹುದು. ಅದರ ಜಾಗ ನೆಲಮಹಡಿಯೇ.

ಇನ್ನು ಸಂಶೋಧನೆ. ಕಟ್ಟಡ ಮುಗಿದ ಮೇಲೆ ನೋಡೋಣ ಎಂದು ಬಿಡುವವರೇ ಹೆಚ್ಚು, ಪೇಚಿಗೆ ಸಿಕ್ಕುವುದೂ ಅವರೇ. ಮುಂದೆ ಡಿಎನ್‌ಎ ಕೆಲಸದ ಇರಾದೆಯಿದ್ದರೆ, ಮಾದರಿಯನ್ನು ಕೊಳೆಯದಂತೆ ಕಾಪಿಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕುವ ಮೊದಲೇ ಅಂಗಾಂಶದ ಚೂರು ತೆಗೆದು ನೀರಿಲ್ಲದ ಆಲ್ಕೋಹಾಲ್‌ನಲ್ಲಿಡಬೇಕು. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಆ ಚೂರುಗಳಿಗೆ ಮೈನಸ್ 80 ಡಿಗ್ರಿಯ ಫ್ರೀಜರ್ ಎಂದರೆ ಜೊತೆಗೆ ಜನರೇಟರ್, ಅಲಾರಂ, ಕೆಟ್ಟಾಗ ಸಾಗಿಸಲು ಇನ್ನೊಂದು ಖಾಲಿ ಫ್ರೀಜರ್. ಅಷ್ಟು ಸಾಗದಿದ್ದರೆ ಒಳಗೆ ಕಿಡಿಯಾಗದಂಥ ಮೈನಸ್ 20ರ ಫ್ರೀಜರ್ ಸಾಕೆಂದು ಈಗಲೇ ತೀರ್ಮಾನಿಸಿ. ಕಟ್ಟಡಕ್ಕೆ ಕೊಡುವ ದಾನಿಗಳು ಸಿಗುತ್ತಾರೆ, ಕರೆಂಟ್ ಬಿಲ್ಲಿಗೆ ಕೊಡುವವರನ್ನು ಹುಡುಕಬೇಕು.

ಮಾದರಿಗಳನ್ನು ಆಲ್ಕೋಹಾಲ್‌ನಲ್ಲಿ ಮುಳುಗಿಸಿಟ್ಟ ಸ್ಪಿರಿಟ್ ಬಾಟಲಿಗಳಿಗೆ ಬೇರೆಯೇ ಕಟ್ಟಡ ಬೇಕೇ? ಆಡಳಿತ ಮಂಡಳಿ ದುಂದುವೆಚ್ಚ ಎನ್ನುತ್ತಿದೆ.
— ಓದುಗರು, ಮೈಸೂರು

ಬೇಕು. ಶೇ. 70ರ ಆಲ್ಕೋಹಾಲ್ ಸುಮಾರು 17 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮೈಸೂರಿನ ಕೋಣೆಯೊಳಗೆ ಅದಕ್ಕಿಂತ ತಂಪು ಎಷ್ಟು ದಿನ ಇರುತ್ತದೆ? ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ 1983ರಲ್ಲೇ ವಾಷಿಂಗ್ಟನ್ ನಗರದ ಹೊರಗೆ ಸೂಟ್‌ಲ್ಯಾಂಡ್‌ನಲ್ಲಿ ಸಂಗ್ರಹಗಳಿಗೆ ಕೇಂದ್ರ ತೆರೆಯಿತು. ದ್ರವದಲ್ಲಿರುವ ಮಾದರಿಗಳಿಗೆಂದೇ ಅಲ್ಲಿ 2007ರಲ್ಲಿ ಪ್ರತ್ಯೇಕ ವಿಭಾಗ ಸಿದ್ಧವಾಯಿತು. ಮಂಡಳಿಗೆ ಬ್ರೆಜಿಲ್‌ನ ಉದಾಹರಣೆ ಹೇಳಿ. ರಿಯೊದ ರಾಷ್ಟ್ರೀಯ ಮ್ಯೂಸಿಯಂ 2018ರ ಸೆಪ್ಟೆಂಬರ್ 2ರಂದು ಹೊತ್ತಿ ಉರಿಯಿತು. ಬೆಂಕಿ ಶುರುವಾದದ್ದು ಸಭಾಂಗಣದ ಏಸಿಯಿಂದ ಎಂದು ತನಿಖೆ ಹೇಳಿತು. ಬೆಂಕಿ ಆರಿಸಲು ನೀರು ಕೊಡುವ ಹತ್ತಿರದ ಹೈಡ್ರಂಟ್‌ಗಳಲ್ಲಿ ನೀರು ಬರಲಿಲ್ಲ. ಹಳೆಯ ಅರಮನೆಯೊಳಗಿದ್ದ ಕೀಟ ಸಂಗ್ರಹ ಹೋಯಿತು. ಮೊದಲೇ ಬೇರೆ ಕಟ್ಟಡಕ್ಕೆ ಸಾಗಿಸಿದ್ದ ಕಶೇರುಕಗಳು, ಒಣಗಿಡಗಳ ಹರ್ಬೇರಿಯಂ, ಮುಖ್ಯ ಗ್ರಂಥಾಲಯ ಉಳಿದವು.

ದೊಡ್ಡ ಕಟ್ಟಡವೇನೂ ಬೇಡ. ನೆಲಮಟ್ಟದ ಒಂದು ಕೋಣೆ, ಮುಖ್ಯ ಕಟ್ಟಡಕ್ಕೆ ಅಂಟಿಕೊಂಡಿರದಿದ್ದರೆ ಸಾಕು. ಸ್ವಿಚ್ಚುಗಳು ಹೊರಗೋಡೆಯಲ್ಲಿರಲಿ, ಒಳಗಿನ ದೀಪ-ಫ್ಯಾನು ಕಿಡಿ ಹಾರದ ಬಗೆಯವಾಗಿರಲಿ. ಸ್ಪಿರಿಟ್ ಆವಿ ಗಾಳಿಗಿಂತ ಭಾರ. ಎಕ್ಸಾಸ್ಟನ್ನು ಚಾವಣಿಯ ಹತ್ತಿರ ಹಾಕಿಸಿದರೆ ಆವಿ ಕೆಳಗೇ ಉಳಿಯುತ್ತದೆ, ನೆಲದ ಸಮೀಪ ಹಾಕಿಸಿ. ಬಾಟಲಿ ಒಡೆದರೆ ಹೊರಗೆ ಹರಿಯದಂತೆ ಹೊಸ್ತಿಲನ್ನು ಒಂದು ಗೇಣಿನಷ್ಟು ಎತ್ತರಿಸಿ.

ಬಾಟಲಿಯಲ್ಲಿ ಮಟ್ಟ ಇಳಿದಾಗಲೆಲ್ಲ ಶೇ. 70ರ ಸ್ಪಿರಿಟ್ ಸುರಿಯುತ್ತಾ ಹೋಗುವುದು ನಮ್ಮ ಕಾಲೇಜುಗಳ ರೂಢಿ. ನೀರಿಗಿಂತ ಆಲ್ಕೋಹಾಲ್ ಬೇಗ ಆರುತ್ತದೆ, ಉಳಿದದ್ದು ತೆಳುವಾಗಿರುತ್ತದೆ. ಎಷ್ಟು ಸಲ ತುಂಬಿಸಿದರೂ ಪ್ರಮಾಣ 70ಕ್ಕೆ ಮರಳುವುದಿಲ್ಲ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿ ನೋಡಿ, ಶೇ. 50ರ ಆಸುಪಾಸಿಗೆ ಇಳಿದಿದ್ದರೆ ಇಡೀ ದ್ರವವನ್ನೇ ಬದಲಿಸಿ. ಮಾದರಿಯ ವಿವರ ಬರೆದ ಚೀಟಿ ಒಳಗಿದ್ದರೆ ಅದನ್ನು ಚೆಲ್ಲಬೇಡಿ, ಅದಿಲ್ಲದೆ ಮಾದರಿಗೆ ಬೆಲೆಯಿಲ್ಲ.

ಸ್ಟೋರ್ ರೂಮಿಗೆ ಏಸಿ ಹಾಕಿಸಿದರೆ ಬೂಷ್ಟು ಹಿಡಿಯುವುದು ನಿಲ್ಲುತ್ತದೆಯೇ?
— ಓದುಗರು, ಉಡುಪಿ

ಕಚೇರಿ ಸಮಯಕ್ಕಷ್ಟೇ ಹಾಕುವುದಾದರೆ ಬೇಡವೇ ಬೇಡ. ಸಂಜೆ ಆಫ್ ಮಾಡಿದೊಡನೆ ಹೊರಗಿನ ತೇವದ ಗಾಳಿ ತಣ್ಣಗಿರುವ ಕಪಾಟಿಗೆ ತಾಗಿ ಬೆವರುತ್ತದೆ. ದಿನಾ ಹಿಗ್ಗಿ ಕುಗ್ಗಿ ಮರವೂ ಸೀಳುತ್ತದೆ. ತೇವಾಂಶ ಶೇ. 65 ದಾಟಿ ಅಲ್ಲೇ ನಿಂತರೆ ಬೂಷ್ಟು. ಕಪಾಟನ್ನು ಹೊರಗೋಡೆಯಿಂದ 15 ಸೆಂ.ಮೀ. ದೂರ ಸರಿಸಿ, ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಒಂದನ್ನು ರಾತ್ರಿಯೂ ನಡೆಸಿ. ಅದರ ನೀರನ್ನು ಬಕೆಟಿಗೆ ಬಿಡದೆ ಪೈಪಿನಿಂದ ಹೊರಗೆ ಹಾಯಿಸಿ. ಬಕೆಟ್ ತುಂಬಿದರೆ ಯಂತ್ರ ತಾನಾಗಿ ನಿಲ್ಲುತ್ತದೆ, ರಜೆ ಮುಗಿಸಿ ಬರುವಷ್ಟರಲ್ಲಿ ಬೂಷ್ಟು ಬಂದಿರುತ್ತದೆ. ದೊಡ್ಡ ಯಂತ್ರ ಕೊಳ್ಳುವ ಮುನ್ನ ತೇವಾಂಶವನ್ನು ತಾನಾಗಿ ದಾಖಲಿಸುವ ಎರಡು ಡೇಟಾ ಲಾಗರ್‌ಗಳನ್ನು, ಒಂದು ಕೋಣೆಯ ನಡುವೆ, ಇನ್ನೊಂದು ಮುಚ್ಚಿದ ಕಪಾಟಿನೊಳಗೆ, ಇಡೀ ವರ್ಷ ಇಟ್ಟು ನೋಡಿ. ಕಪಾಟಿನೊಳಗಿನ ಗೆರೆ ಹೆಚ್ಚು ಏರಿಳಿಯದೆ 65ರ ಕೆಳಗೇ ಇದ್ದರೆ ಕಪಾಟಿನ ರಬ್ಬರ್ ಬೀಡಿಂಗ್ ಬದಲಿಸಿಕೊಂಡು ಇದ್ದರೂ ಸಾಕಾಗಬಹುದು.