ಕಳೆ ತುಂಬಿದ ಲಾನಿಗೆ ಹೊಸ ಹುಲ್ಲು ಹಾಕುವ ಮೊದಲು

ನಮಸ್ಕಾರ. 600 ಚದರ ಅಡಿ ಲಾನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆಯೇ ಇದೆ, ಪವರ್ ಟಿಲ್ಲರ್‌ನಲ್ಲಿ ಒಂದು ಸಲ ಉಳುಮೆ ಮಾಡಿಸಿ ಮಾರನೇ ದಿನವೇ ಹೊಸ ಹುಲ್ಲಿನ ಹಾಸು ಹಾಕಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಮನೆಯಲ್ಲಿ ಒಮ್ಮೆ ಹಾಗೇ ಆಯಿತು. ಕೆಲಸ ವಹಿಸಿಕೊಂಡವರು ಬೆಳಿಗ್ಗೆ ಉತ್ತು, ಸಂಜೆಗೆ ಹಾಸಿ ಹೋದರು. ಹಸಿರು ಕಂಬಳಿ ಹಾಸಿದ ಹಾಗೆ ಕಾಣುತ್ತಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಹಾಸನ್ನು ಚುಚ್ಚಿಕೊಂಡು ಕೊನ್ನಾರಿ ಅನ್ನುವ ಗಡ್ಡೆ ಕಳೆ ಎದ್ದಿತು. ಅದರ ಹಿಂದೆಯೇ ಹಳೇ ಗರಿಕೆ ಬಂತು. ಒಂದು ವರ್ಷದಲ್ಲಿ ಅದನ್ನೆಲ್ಲ ಕಿತ್ತು ಮತ್ತೆ ಶುರು ಮಾಡಬೇಕಾಯಿತು.

ಹಾಗೇಕೆ ಆಗುತ್ತದೆ ಅಂತ ನೀವೇ ನೋಡಬಹುದು. ನೆಲ ಒದ್ದೆ ಇರುವಾಗ ಕೊನ್ನಾರಿಯ ಒಂದು ಸುಳಿಯ ಸುತ್ತ ಸಲಿಕೆ ಇಳಿಸಿ, ಮಣ್ಣಿನ ಹೆಂಟೆಯನ್ನೇ ಎತ್ತಿ ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಿರಿ. ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ಮೂರು ಮೂಲೆ ಕೈಗೆ ಸಿಗುತ್ತದೆ. ಬುಡದಲ್ಲಿ ಒಂದು ಗಡ್ಡೆ, ಅದರಿಂದ ತಂತಿಯಂಥ ಕಪ್ಪು ಎಳೆ, ಅದರ ತುದಿಗೆ ಇನ್ನೊಂದು ಗಡ್ಡೆ, ಮತ್ತೆ ಎಳೆ, ಮತ್ತೆ ಗಡ್ಡೆ. ಕೈಯಲ್ಲಿ ಕಿತ್ತರೆ ಮೇಲಿನ ಸುಳಿ ಮಾತ್ರ ಬರುತ್ತದೆ, ಕೆಳಗಿನ ಗಡ್ಡೆಗಳು ಎಚ್ಚರವಾಗುತ್ತವೆ. ಟಿಲ್ಲರ್ ಹೊಡೆದರೆ ಆ ಸರ ಕಡಿದು ತೋಟದ ತುಂಬ ಹರಡುತ್ತದೆ. ಗರಿಕೆಯ ನೆಲದೊಳಗಿನ ಬಳ್ಳಿಯೂ ಅಷ್ಟೇ. ಗೆಣ್ಣು ಇರುವ ಒಂದೊಂದು ತುಂಡೂ ಒಂದೊಂದು ಗಿಡ.

ಆದ್ದರಿಂದ ಮೊದಲು ಹಳೆಯದನ್ನು ಸಾಯಿಸಿ, ಆಮೇಲೆ ಮಣ್ಣು ಅಗೆಯಿರಿ. ಇದಕ್ಕೆ ಒಂದೂವರೆ, ಎರಡು ತಿಂಗಳು ಇಟ್ಟುಕೊಳ್ಳಿ. ಕಳೆನಾಶಕ ಬಳಸುವುದಾದರೆ ಗ್ಲೈಫೋಸೇಟ್ ಎಲೆಯಿಂದ ಬೇರಿಗೆ ಇಳಿಯುವ ಮದ್ದು. ಹಾಗಾಗಿ ಕಳೆ ಚೆನ್ನಾಗಿ ಚಿಗುರಿರಬೇಕು. ಅದಕ್ಕೂ ಮೊದಲು ಒಂದೆರಡು ವಾರ ಲಾನ್ ಕತ್ತರಿಸಬೇಡಿ, ನೀರು ಬಿಡಿ. ಒಣಗಿ ನಿಂತ ಕಳೆಗೆ ಹೊಡೆದರೆ ಸುಮ್ನೆ ದಂಡ. ಹೊಡೆದ ಮೇಲೆ ಹತ್ತು ದಿನ ಅಗೆಯದೆ ಬಿಡಿ. ಮತ್ತೆ ನೀರು ಹಾಕಿ, ಮತ್ತೆ ಬಂದ ಚಿಗುರಿಗೆ ಇನ್ನೊಮ್ಮೆ ಹೊಡೆಯಿರಿ. ಕೊನ್ನಾರಿ ಒಂದೇ ಸಲಕ್ಕೆ ಹೋಗುವುದಿಲ್ಲ, ಮಲಗಿರುವ ಗಡ್ಡೆಗೆ ಮದ್ದು ತಲುಪುವುದಿಲ್ಲ. ಗಾಳಿ ಬೀಸುವಾಗ, ಮಳೆ ಬರುವ ಹಾಗಿರುವಾಗ ಹೊಡೆಯಬೇಡಿ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರ ಇಡಿ. ಇದರ ಬಳಕೆಗೆ ಕೆಲವು ಕಡೆ ನಿರ್ಬಂಧವಿದೆ, ನಿಮ್ಮಲ್ಲಿನ ನಿಯಮ ನೋಡಿಕೊಂಡು, ಲೇಬಲ್ ಮೇಲಿನ ಪ್ರಮಾಣವನ್ನೇ ಪಾಲಿಸಿ.

ಮದ್ದು ಬೇಡ ಅನ್ನುವವರಿಗೂ ದಾರಿ ಇದೆ. ನೆಲಕ್ಕೆ ಚೆನ್ನಾಗಿ ನೀರುಣಿಸಿ, ಬೇಸಿಗೆಯ ಕಡು ಬಿಸಿಲಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಸಿ, ಅಂಚುಗಳಿಗೆ ಮಣ್ಣು ಮುಚ್ಚಿ, ನಾಲ್ಕರಿಂದ ಆರು ವಾರ ಬಿಡುವುದು. ಬೀಜದಿಂದ ಬರುವ ಕಳೆಗೆ ಇದು ಬಹಳ ಒಳ್ಳೆಯದು. ಕೊನ್ನಾರಿಗೆ ಮಾತ್ರ ಸಾಲದು, ಅದು ಪ್ಲಾಸ್ಟಿಕ್ಕನ್ನೂ ಚುಚ್ಚಿಕೊಂಡು ಬರುತ್ತದೆ. ಅದನ್ನು ಅಗೆದು ಗಡ್ಡೆ ಆರಿಸಲೇಬೇಕು. ಎರಡು ಮೂರು ವಾರಕ್ಕೊಮ್ಮೆ, ಹೊಸ ಗಡ್ಡೆ ಕಟ್ಟುವ ಮೊದಲು ಅಗೆದರೆ ಅದರ ಶಕ್ತಿ ಇಳಿಯುತ್ತಾ ಬರುತ್ತದೆ. ಬೇಸರದ ಕೆಲಸ ನಿಜ, ಆದರೆ 600 ಚದರ ಅಡಿಗೆ ಮಾಡಬಹುದಾದ ಕೆಲಸ.

ಇನ್ನೊಂದು ಮಾತು. ನಿಮ್ಮ ಲಾನಿನಲ್ಲಿ ಕಳೆ ಯಾಕೆ ಗೆದ್ದಿತು ಅಂತ ಯೋಚಿಸಿ. ಅದು ಸರಿಹೋಗದಿದ್ದರೆ ಎಂಥ ಒಳ್ಳೆ ಹುಲ್ಲು ಹಾಕಿದರೂ ಮತ್ತೆ ಅದೇ ಕಥೆ. ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಒದ್ದೆ ನೆಲಕ್ಕೆ ಒತ್ತಿ ನೋಡಿ. ಬೆರಳುದ್ದ ಇಳಿಯಲು ಮೈಯ ಭಾರ ಹಾಕಬೇಕಾದರೆ ಮಣ್ಣು ಗಟ್ಟಿಯಾಗಿದೆ, ಹುಲ್ಲಿನ ಬೇರು ಅಲ್ಲಿಗೆ ಹೋಗಲಾರದು. ನೀರು ನಿಲ್ಲುತ್ತದಾ? ಮರದ ನೆರಳು ಎಷ್ಟು ಹೊತ್ತು ಇರುತ್ತದೆ? ತುಂಬ ಗಿಡ್ಡವಾಗಿ ಕತ್ತರಿಸುತ್ತಿದ್ದೀರಾ? ಹೆಚ್ಚಿನವರ ಮನೆಯಲ್ಲಿ ನಾನು ಕಂಡಿದ್ದು ಈ ಕೊನೆಯದನ್ನೇ.

ಹುಲ್ಲಿನ ಆಯ್ಕೆ ನೆರಳಿನ ಮೇಲೆ ನಿಂತಿದೆ. ದಿನವಿಡೀ ಬಿಸಿಲಿದ್ದು, ಓಡಾಟ ಜಾಸ್ತಿ ಇದ್ದರೆ ಬರ್ಮುಡಾ ಸರಿ. ಅದು ಗರಿಕೆಯ ಕುಲದ್ದೇ, ಬೇಗ ಹಬ್ಬುತ್ತದೆ, ಆದರೆ ನೆರಳಿನಲ್ಲಿ ಸೊರಗುತ್ತದೆ. ಜೋಯ್ಸಿಯಾ ದಟ್ಟವಾಗಿ ಕೂರುತ್ತದೆ, ಸ್ವಲ್ಪ ನೆರಳು ತಡೆಯುತ್ತದೆ. ಹಬ್ಬುವುದು ನಿಧಾನ, ತಾಳ್ಮೆ ಬೇಕು. ಮರದ ಕೆಳಗೆ ಅಗಲ ಎಲೆಯ ಸೇಂಟ್ ಆಗಸ್ಟೀನ್ ಇವೆರಡಕ್ಕಿಂತ ವಾಸಿ. ನನ್ನನ್ನು ಕೇಳಿದರೆ ಜೋಯ್ಸಿಯಾ. ಒಮ್ಮೆ ಕೂಡಿಕೊಂಡರೆ ಕಳೆಗೆ ಜಾಗವೇ ಸಿಗುವುದಿಲ್ಲ. ಆದರೆ ಅದರೊಳಗೆ ಗರಿಕೆ ಸೇರಿದರೆ ಬೇರ್ಪಡಿಸುವುದು ಬಹಳ ಕಷ್ಟ, ಅದಕ್ಕೇ ಮೊದಲೇ ಸಾಯಿಸಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇವೆಲ್ಲ ಬಿಸಿ ಬಯಸುವ ಹುಲ್ಲುಗಳು, ಚಳಿ ಕಳೆದು ನೆಲ ಬೆಚ್ಚಗಾದ ಮೇಲೆ ನೆಡಿ. ಹಳೆಯದು ಪೂರ್ತಿ ಸತ್ತ ಮೇಲೆ 15 ಸೆಂಟಿಮೀಟರ್ ಅಗೆದು, ಸಿಕ್ಕ ಬೇರು ಗಡ್ಡೆ ಆರಿಸಿ ಎಸೆಯಿರಿ. ಒಂದು ಇಂಚು ದಪ್ಪ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ನಿಮ್ಮ ಜಾಗಕ್ಕೆ ಅದು 50 ಘನ ಅಡಿ ಆಗುತ್ತದೆ. ಹಸಿ ಸಗಣಿ ಗೊಬ್ಬರ ಬೇಡ, ಅದರ ಜೊತೆ ಕಳೆಬೀಜವೂ ಬರುತ್ತದೆ. ಮನೆಯ ಕಡೆಯಿಂದ ಹೊರಕ್ಕೆ ತುಸು ಇಳಿಜಾರು ಕೊಟ್ಟು ಮಟ್ಟ ಮಾಡಿ. ಆಮೇಲೂ ಅವಸರ ಬೇಡ. ನೀರು ಹಾಕಿ ಎರಡು ವಾರ ಸುಮ್ಮನೆ ಕಾಯಿರಿ. ಮೊಳೆತ ಕಳೆಯನ್ನು ಮೇಲ್ಪದರದಲ್ಲಷ್ಟೇ ಕೆರೆದು ತೆಗೆಯಿರಿ, ಆಳಕ್ಕೆ ಅಗೆದರೆ ಹೊಸ ಬೀಜ ಮೇಲೆ ಬರುತ್ತವೆ. ಇದರ ನಂತರವೇ ಹಾಸು.

ಹಾಸಿನ ತುಂಡುಗಳನ್ನು ಇಟ್ಟಿಗೆ ಕಟ್ಟಿದ ಹಾಗೆ ಸಂದು ತಪ್ಪಿಸಿ ಜೋಡಿಸಿ, ರೋಲರ್ ಎಳೆಯಿರಿ. ಮೊದಲ ಎರಡು ವಾರ ಹಾಸಿನ ಅಡಿಯ ಮಣ್ಣು ಒಣಗಬಾರದು. ಮೂಲೆ ಹಿಡಿದು ಮೆಲ್ಲಗೆ ಎಳೆದಾಗ ಎದ್ದು ಬರದೆ ನೆಲಕ್ಕೆ ಅಂಟಿಕೊಂಡಿದ್ದರೆ ಬೇರು ಇಳಿದಿದೆ ಅಂತ. ಅಲ್ಲಿಂದ ಮುಂದೆ ಆಳವಾಗಿ, ಅಪರೂಪಕ್ಕೆ ನೀರು ಕೊಡಿ. ಮಳೆ ಇಲ್ಲದಾಗ ವಾರಕ್ಕೆ ಸುಮಾರು 25 ಮಿಲಿಮೀಟರ್ ಸಾಕು. ಲಾನಿನಲ್ಲಿ ಒಂದು ಖಾಲಿ ಡಬ್ಬ ಇಟ್ಟರೆ ಅಳತೆ ಸಿಗುತ್ತದೆ. ಯೂರಿಯಾ ಹಾಕುವುದಾದರೆ ಬೇರು ಹಿಡಿದ ಮೇಲೆ, ಚದರ ಮೀಟರಿಗೆ 10 ಗ್ರಾಂ. ನಿಮಗೆ ಒಟ್ಟು ಅರ್ಧ ಕೆಜಿಗಿಂತ ತುಸು ಜಾಸ್ತಿ. ಹಾಕಿದ ಕೂಡಲೇ ನೀರು ಬಿಡಿ, ಇಲ್ಲದಿದ್ದರೆ ಎಲೆ ಸುಡುತ್ತದೆ.

ಕತ್ತರಿಸುವಾಗ ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಜೋಯ್ಸಿಯಾವನ್ನು ನಾಲ್ಕು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಕೊನ್ನಾರಿಗೆ ನೆರಳು ಆಗುವುದಿಲ್ಲ. ದಟ್ಟ ಹುಲ್ಲಿನ ನೆರಳೇ ಅದನ್ನು ಬಗ್ಗಿಸುತ್ತದೆ.

ಕೆಲಸ ಶುರು ಮಾಡುವ ಮೊದಲು ಒಂದು ಚದರ ಅಡಿ ಅಗೆದು, ತೊಳೆದ ಬೇರಿನ ಫೋಟೋ ಹಾಕಿ. ಕೊನ್ನಾರಿಯಾ, ಬರೀ ಗರಿಕೆಯಾ ಅಂತ ನೋಡಿ ಹೇಳುತ್ತೇನೆ. ಬರೀ ಗರಿಕೆ ಇದ್ದು ಬಿಸಿಲೂ ಚೆನ್ನಾಗಿದ್ದರೆ, ಅದೂ ಬರ್ಮುಡಾದ ಕುಲದ್ದೇ ಆದ್ದರಿಂದ ಏನನ್ನೂ ಕೀಳದೆ, ಇರುವುದನ್ನೇ ಸರಿಮಾಡಬಹುದು.